ಏಳನೇ ತಿರುವು

ಎರಡು ಮೆಷಿನ್ನು ಈಗ ನನ್ನ ಮನೆಯಲ್ಲಿ.
ಒಂದು ಒಳಗೆ, ಕಿಟಕಿಯ ಬೆಳಕಿಗೆ ಮುಖಮಾಡಿ,
ಮದುವೆಗೆ ಮುಂಚೆ ಕೊಂಡದ್ದು, ಕಾಲಲ್ಲಿ ತುಳಿಯುವುದು.
ಇನ್ನೊಂದು ಹೊರಗೆ ಹಳೇ ಫ್ಲೆಕ್ಸ್ ಹೊದ್ದು ಕೂತಿರುತ್ತದೆ:
ಎರಡು ಗಾಲಿ, ಮೊಂಡು ಮೂತಿ,
ಅರ್ಧ ಮೂಟೆ ಸಿಮೆಂಟು ಹಿಡಿಸುವ ಹೊಟ್ಟೆ.
ಫ್ಲೆಕ್ಸಿನ ಮೇಲೆ ಯಾರೋ ಕೈಮುಗಿದು ನಗುತ್ತಿದ್ದಾರೆ,
ಹೋದ ಚುನಾವಣೆಯವರು.

ಬಾಡಿಗೆ ದಿನಕ್ಕೆ ಹನ್ನೆರಡು ನೂರು ಅಂದರು.
ನನ್ನ ಕೋಣೆ ಏಳುವುದೋ ಭಾನುವಾರ ಮಾತ್ರ,
ಬೆಳಗಿನ ಪೂಜೆ ಮುಗಿಸಿ ಇಗರ್ಜಿಯಿಂದ ಬಂದ ಮೇಲೆ,
ಅದೂ ವಾರದ ಬ್ಲೌಸುಗಳ ದುಡ್ಡು ಕೈಗೆ ಬಂದಿದ್ದರೆ.
ಲೆಕ್ಕ ಹಾಕಿ, ಚೀಟಿ ಕೂಗಿ,
ಭದ್ರಾವತಿಯಲ್ಲಿ ಗುತ್ತಿಗೆ ಕೆಲಸ ಬಿಟ್ಟವನೊಬ್ಬನಿಂದ
ಹದಿನಾಲ್ಕು ಸಾವಿರಕ್ಕೆ ತಂದೆ.
ಗೋಪಾಳದ ನಮ್ಮ ಬೀದಿಯಲ್ಲಿ ಟಾಟಾ ಏಸ್ ನಿಂತಾಗ
ಹುಡುಗರು ಕೇಳಿದರು:
ಫಿಲ್ಲಿಯಕ್ಕ, ಫಿರಂಗಿನಾ?

ದಸ್ತಗೀರ್ ಮೇಸ್ತ್ರಿ ಕಲಿಸಿದರು:
ಮೊದಲು ನೀರು, ಪೂರ್ತಿ ಅಲ್ಲ.
ಆಮೇಲೆ ಜಲ್ಲಿ, ಒಳಗೆ ಅಂಟಿದ್ದನ್ನು ಅದೇ ಕೆರೆಯಲಿ.
ಸಿಮೆಂಟು, ಮರಳು, ಕಡೆಗೆ ಮಿಕ್ಕ ನೀರು,
ಮಜ್ಜಿಗೆಗೆ ಸುರಿದ ಹಾಗಲ್ಲ ತಾಯಿ,
ಚಕ್ಕುಲಿ ಹಿಟ್ಟಿಗೆ ಚಿಮುಕಿಸಿದ ಹಾಗೆ.
ಸಣ್ಣ ಬಕೆಟ್ಟಿನಲ್ಲಿ ಎರಡು, ಮೂರು, ಆರು.

ಅಳತೆ ನನಗೆ ಹೊಸದಲ್ಲ.
ತೋಳಿಗೆಷ್ಟು, ಕಂಕುಳಿಗೆಷ್ಟು,
ಮುಂದೆ ಮೈ ಬಂದರೆ ಬಿಚ್ಚಿಕೊಳ್ಳಲಿ ಎಂದು ಒಳಗೆಷ್ಟು.

ರಾತ್ರಿ ತೊಳೆಯದೆ ಮಲಗಿದರೆ
ಬೆಳಿಗ್ಗೆ ಅದರ ಹೊಟ್ಟೆಯಲ್ಲಿ ಕಲ್ಲು.
ಒಮ್ಮೆ ಹಾಗಾಗಿ, ಸುತ್ತಿಗೆ ಹಿಡಿದು
ಡ್ರಮ್ಮಿನೊಳಗೆ ಸೊಂಟದವರೆಗೆ ತೂರಿ ಒಡೆದೆ.
ನಾನು ಬೈದದ್ದೆಲ್ಲ ನನಗೇ ಎರಡೆರಡು ಸಲ ಕೇಳಿಸಿತು.

ತಾರಸಿ ಹಾಕಿದ ಭಾನುವಾರ
ಒಟ್ಟು ಹದಿನಾರು ತಿರುವು.
ಮಿಕ್ಸರಿನ ಬಾಯಿಗೆ ಬಕೆಟ್ ಎಣಿಸುವವಳು ನಾನು.
ಚಕ್ರ ತಿರುಗಿಸಿ ಡ್ರಮ್ಮು ಬಗ್ಗಿಸಿ,
ಬಾಂಡಲಿ ತುಂಬಿ ಏಣಿಯವರಿಗೆ ಕೊಡುವವಳು ಸೋಮ್ಲಿಬಾಯಿ.
ಏಳನೇದಕ್ಕೆ ಜಲ್ಲಿ ಬಿತ್ತು, ಸಿಮೆಂಟು ಒಂದು ಬಕೆಟ್ ಬಿತ್ತು,
ಗೇಟಿನಲ್ಲಿ ವಿಶಾಲಾಕ್ಷಿ ಟೀಚರು:
'ನಾಳೆ ನಿಶ್ಚಿತಾರ್ಥ, ಒಂದೇ ಒಂದು ಹುಕ್ಕು!'
ಬೂದಿಗೈಯಲ್ಲಿ ರೇಷ್ಮೆ ಮುಟ್ಟಲಾರದೆ
ಗದ್ದದಲ್ಲೇ ತೋರಿಸಿದೆ, ಅಲ್ಲಿ, ಬೀರು ಮೇಲೆ, ಸೂಜಿಡಬ್ಬಿ.
ತಿರುಗಿ ಬಂದು ಏನೋ ಸುರಿದೆ, ಎಣಿಸಿಯೇ ಸುರಿದೆ,
ಆದರೆ ಯಾವುದರಿಂದ ಶುರುಮಾಡಿ ಎಣಿಸಿದೆ?
ಅಷ್ಟರಲ್ಲಿ ಡ್ರಮ್ಮು ಬಗ್ಗಿತ್ತು. ಬಿದ್ದದ್ದು ಬೂದಿಬಣ್ಣವೇ.
ಎಂಟನೇದರ ಬೂದಿ ಇನ್ನೂ ಗಾಢ ಅನ್ನಿಸಿತು.

ಬಟ್ಟೆಯಾದರೆ ಬಿಚ್ಚಬಹುದು.
ಹಲ್ಲಲ್ಲಿ ದಾರ ಕಡಿದು, ನೀರು ಚಿಮುಕಿಸಿ, ಇಸ್ತ್ರಿ ಒತ್ತಿ,
ಹಳೇ ತೂತಿನ ಪಕ್ಕದಲ್ಲೇ ಹೊಸ ಹೊಲಿಗೆ.
ಮೂವತ್ತು ವರ್ಷ ನಾನು ತಪ್ಪಿದ್ದೆಲ್ಲ ಹಾಗೇ ಮುಚ್ಚಿಹೋಗಿದೆ.
ಇದು ಮುಕ್ಕಾಲು ಗಂಟೆ ಕಳೆದರೆ ಯಾರ ಮಾತೂ ಕೇಳುವುದಿಲ್ಲ.

ಮೇಸ್ತ್ರಿಗೆ ಹೇಳಲಿಲ್ಲ.
ಮೇಲೆ ಪಟ್ಟಿ ಎಳೆಯುತ್ತ ಏನನ್ನೋ ಗುನುಗುತ್ತಿದ್ದರು,
ಅದನ್ನು ನಿಲ್ಲಿಸುವ ಧೈರ್ಯ ಬರಲಿಲ್ಲ.

ಇಪ್ಪತ್ತೊಂದು ದಿನ ಒಡ್ಡು ಕಟ್ಟಿ ನೀರು ನಿಲ್ಲಿಸಿದೆ.
ಸೆಂಟ್ರಿಂಗ್ ಬಿಚ್ಚಿದಾಗ ಎಲ್ಲರೂ ಹೊರಗೆ ನಿಂತರು.
ನಾನು ಒಳಗೆ ನಿಂತೆ.
ಹಲಗೆಯ ಗೆರೆಗಳು, ಒಂದು ಮೊಳೆ, ಅಷ್ಟೆ.

ಮೊಮ್ಮಗಳ ಲಂಗ ಹೊಲಿಸಲು ಸೋಮ್ಲಿಬಾಯಿ ಬಂದಾಗ ಕೇಳಿದೆ.
'ಏಳನೇದಾ? ನೀ ಟೀಚರ ಹತ್ತಿರ ಹೋದೆಯಲ್ಲ,
ಆಗ ಒಂದು ಬಕೆಟ್ ನಾನು ಹಾಕಿದೆ' ಅಂದಳು,
ಲಂಗದ ನೆರಿಗೆ ಎಣಿಸುತ್ತ, ತಲೆಯೆತ್ತದೆ.

ಹಾಗಾದರೆ ನಾನೂ ಹಾಕಿದ್ದರೆ ಆ ತಿರುವಿಗೆ ಮೂರು.
ಅವಳು ನನ್ನ ಮುಖ ನೋಡಿ ಹೇಳಿದ್ದಾದರೆ, ಒಂದೇ.
ತಲೆಯೆತ್ತಲಿಲ್ಲ ಅಂದೆನಲ್ಲ,
ಮುಖ ನೋಡಿದ್ದು ಯಾವಾಗ?
ಲಂಗದ ಕೂಲಿ ಬೇಡ ಅಂದೆ. ಎಣಿಸಿ ಇಟ್ಟೇ ಹೋದಳು.

ಮಳೆ ಜೋರಾದ ರಾತ್ರಿ
ಮಂಚದಲ್ಲಿ ಅಂಗಾತ ಮಲಗಿ ಹುಡುಕುತ್ತೇನೆ:
ಮೂಲೆಯಿಂದ ಶುರುಮಾಡಿದ್ದರು, ಹಾಗಾದರೆ ಏಳನೇದು
ಫ್ಯಾನಿನ ಹುಕ್ಕಿನ ಹತ್ತಿರ. ಅಥವಾ ನನ್ನ ಮೇಲೆ.

ಇವತ್ತು ಮಿಕ್ಸರು ಇಲ್ಲ.
ಹಿಂದಿನ ಬೀದಿಯ ಜೆರೋಮಣ್ಣನಿಗೆ ಕಾಲು ಹೋಗಿ,
ಗಾಲಿಕುರ್ಚಿಗೆ ಇಳಿಜಾರು ಕಟ್ಟಲು ಒಯ್ದಿದ್ದಾರೆ.
ಎಣಿಸುವಾಗ ಗೇಟು ಹಾಕಿಕೊಳ್ಳಿ ಎಂದು ಹೇಳಿ ಕಳಿಸಿದೆ,
ಯಾಕೆ ಅಂತ ಯಾರೂ ಕೇಳಲಿಲ್ಲ.
ಅಂಗಳದಲ್ಲಿ ಫ್ಲೆಕ್ಸು ಚಪ್ಪಟೆ ಬಿದ್ದಿದೆ,
ಕೈಮುಗಿದವರ ಮೀಸೆಯ ಮೇಲೆ ಬೆಕ್ಕು.