ಅಲುಗಾಡಬ್ಯಾಡ್ರಿ

ಇಪ್ಪತ್ತೆರಡು ವರ್ಷ ಒಂದೇ ಮಾತು ಹೇಳಿದ್ದೇನೆ
ಇಳಕಲ್ಲಿನ ಈ ಕತ್ತಲೆ ಕೋಣೆಯಲ್ಲಿ:
ಉಸಿರು ಹಿಡೀರಿ. ಅಲುಗಾಡಬ್ಯಾಡ್ರಿ.
ಕೆಂಪುಕಲ್ಲು ಕೊಯ್ಯುವವರ ಎದೆ,
ಕುಣಿಮಗ್ಗದವರ ಮೊಣಕಾಲು,
ಬೈಕಿನಿಂದ ಬಿದ್ದ ಮದುಮಗನ ಕೊರಳೆಲುಬು,
ಎಲ್ಲವೂ ಒಂದು ಚಣ ಕಲ್ಲಾಗಿವೆ.

ಅಲುಗಿದ್ದು ಮಸುಕು.
ಮಸುಕಾದದ್ದು ಬುಟ್ಟಿಗೆ.

ಮೊನ್ನೆ ಮಣಿಕಟ್ಟು ಉಳುಕಿಸಿಕೊಂಡು ಬಂದ
ಕಾಲೇಜಿನ ನಾಜನೀನ್ ಮೇಡಂ
ಫಿಲ್ಮಿಗೆ ಕಾಯುತ್ತ ಹೇಳಿದರು:
ಹೊಸಾ ಎಕ್ಸ್‌ರೇ ಐತಿ ಗ್ಯಾನಪ್ಪಾರ,
ನಿಲ್ಲು ಅನ್ನೂದಽ ಇಲ್ಲ ಅದು.
ಅಣುವಿನೊಳಗ ಎಲೆಕ್ಟ್ರಾನ್ ಓಡೂದನ್ನ
ಓಡೂ ಮುಂದಽ ಹಿಡೀತೈತಿ.

ಎಷ್ಟು ಹೊತ್ತಿನ ಬೆಳಕರಿ ಅದು?

ಅಟ್ಟೋಸೆಕೆಂಡು.
ಒಂದು ಸೆಕೆಂಡಿನೊಳಗ ಅವು ಎಷ್ಟದಾವ ಅಂದ್ರ
ಲೋಕ ಹುಟ್ಟಿದಾಗಿಂದ ಅಷ್ಟು ಸೆಕೆಂಡು ಆಗಿಲ್ಲ.

ನಾನು ಗುಂಡಿ ಒತ್ತಿ ಬಿಡುವಷ್ಟರಲ್ಲಿ
ಎಷ್ಟು ಯುಗ ಮಸುಕಾಗಿ ಹೋದವೋ!

ಆ ಸಂಜೆ ತುಳಜವ್ವನ ಮಗ್ಗದ ಮುಂದೆ ಕೂತೆ.
ಲಾಳಿ ಹೋಯಿತು, ಬಂತು.
ನಡುವೆ ಎಲ್ಲಿತ್ತು?
ಕಂಡದ್ದು ಎರಡು ತುದಿ, ಒಂದು ಸದ್ದು,
ಒಂದೆಳೆ ಹೆಚ್ಚಾದ ಸೀರೆ.

ತಿಳಿದಷ್ಟನ್ನು ಅವಳಿಗೆ ಹೇಳಿದೆ:
ಮೊದಲ ಏಟು ಒಂದು ಎಲೆಕ್ಟ್ರಾನನ್ನು ಹೊರದಬ್ಬುತ್ತದೆ.
ಖಾಲಿಯಾದ ಜಾಗವೇ ಆಮೇಲೆ ಓಡಾಡತೊಡಗುತ್ತದೆ
ಅಣುವಿನ ಈ ಮನೆಯಿಂದ ಆ ಮನೆಗೆ,
ತೂಕದ ಬೀಜಗಳು ಮಿಸುಕುವ ಮುನ್ನ.
ಎರಡನೆಯ ಏಟು ಬಂದು ನೋಡುತ್ತದೆ.
ನೋಡಿಸಿಕೊಂಡ ಅಣು ಉಳಿಯುವುದಿಲ್ಲ.
ಮುಂದಿನ ಗಳಿಗೆಗೆ ಮತ್ತೊಂದು, ಮತ್ತೊಂದು.
ಒಬ್ಬನ ಓಟವನ್ನು
ಸಾವಿರ ಜನರಿಂದ ಕೂಡಿಸಿದ ಹಾಗೆ.

ಬಣ್ಣ ಯಾವುದು ಆ ಬೆಳಕಿಂದು? ಅಂದಳು.
ಅಷ್ಟು ಗಿಡ್ಡ ಬೆಳಕಿಗೆ ಒಂದೇ ಬಣ್ಣ ಇರುವುದಿಲ್ಲವಂತೆ;
ಇದ್ದರೂ ಕಣ್ಣಿಗಲ್ಲ.
ದಾಳಿಂಬೆ ಕೆಂಪು ಅಂದುಬಿಟ್ಟೆ.

ನಂಬಲಿಲ್ಲ ಅವಳು.
ಒಡಲು ಸೆರಗು ಕೂಡುವ ಕೊಂಡಿಯ ಮೇಲೆ ಬೆರಳಿಟ್ಟಳು:
ಇಲ್ಲೆ ಗಂಟಿಲ್ಲ ನೋಡು.
ಒಂದರ ಕುಣಿಕಿಯೊಳಗ ಒಂದು ಹಾದು ಬರತೈತಿ.
ಕೂಡೂದಂದ್ರ ಹಾದಾಡೂದು. ಅಷ್ಟಽ.

ಇವತ್ತು ಕೈ ನಡುಗುವ ಮುದುಕನೊಬ್ಬ
ತಟ್ಟೆಯ ಮೇಲೆ ಅಂಗೈ ಇಟ್ಟ.
ಅಲು... ಅಂದು ನಿಂತೆ.
ನಡುಕದೊಳಗೆ ಎಲುಬು, ಎಲುಬಿನೊಳಗೆ ಸುಣ್ಣ,
ಸುಣ್ಣದೊಳಗೆ
ಯಾರ ಮಾತೂ ಕೇಳದ್ದು.

ಚಿತ್ರ ಮಸುಕಾಗಿಯೇ ಬಂತು.
ಹೆಂಡತಿ ಬಂದು ಮಣಿಕಟ್ಟು ಒತ್ತಿ ಹಿಡಿದಳು,
ಡಾಕ್ಟರಿಗೆಂದು ಇನ್ನೊಂದು ತೆಗೆದೆ.
ಮೊದಲಿನದು ನನ್ನ ಖಾನೆಯಲ್ಲಿದೆ,
ಹೆಸರು ಬರೆದಿಲ್ಲ.