ಇನ್ನೂ ಹನ್ನೊಂದು ನಿಮಿಷ

ಕುತೈಸಿಯಲ್ಲಿ ಬೆಳಗಿನ ಜಾವ. ಮಣ್ಣೊಲೆಯ ಒಳಗೋಡೆಗೆ
ಜುಂಬೇರ್ ರೊಟ್ಟಿ ಬಡಿಯುತ್ತಾನೆ
ಸೊಂಟದವರೆಗೆ ಬಗ್ಗಿ,
ಬಾವಿಗೆ ಬಿದ್ದ ಕೊಡ ಹುಡುಕುವವನ ಹಾಗೆ.

ಮೂರೂವರೆಯಿಂದ ಚೂರೂ ತಿಂದಿಲ್ಲ.
ಐದೂವರೆಗೆ ನೀರು, ಎರಡು ಕ್ಯಾಪ್ಸೂಲು,
ಅಗಿಯದೆ, ಬಿಡಿಸದೆ, ಇಡಿಯಾಗಿ.
ಮತ್ತೆ ಒಂದು ಗಂಟೆ
ಮೈಯೆಲ್ಲ ರೊಟ್ಟಿಯ ವಾಸನೆ, ಬಾಯಿಗೆ ಬೀಗ.
ಕೈಗೆ ಬಂದ ತುತ್ತು ಬಾಯಿಗೆ ಬಾರದ ಗಾದೆಯನ್ನು
ನನ್ನ ಗಂಡ ದಿನಕ್ಕೆರಡು ಸಲ
ಬೇಕೆಂದೇ ಬದುಕುತ್ತಾನೆ.

ಪಕ್ಕದ ತ್ಸಿಯೂರಿ ಹಳದಿ ಹೂವಿನ ಕಟ್ಟು ತಂದಳು:
'ಕುದಿಸಿ ಕೊಡು, ಬರೀ ಗಿಡ, ಏನೂ ಮಾಡೊಲ್ಲ.'
ಏನೂ ಮಾಡದಿದ್ದರೆ ಯಾಕಮ್ಮ ಕುಡಿಯುವುದು?
ಹೆಸರು ಕೇಳಿ ಡಾಕ್ಟರಿಗೆ ಫೋನು ಮಾಡಿದೆ.
ಬೇಡ, ರಕ್ತದಲ್ಲಿ ಮದ್ದಿನ ಬಲ ಇಳಿಸುತ್ತದೆ ಅಂದರು.
ಹೂವು ಹೂದಾನಿಗೆ ಹೋಯಿತು.

ಭಾನುವಾರ ಯಾರದೋ ಮಣ್ಣಿಗೆ ಹೋಗಿ ಮರೆತ.
ಸಂಜೆ ನೋಡಿದರೆ ಅಂಗೈಯಲ್ಲಿ ನಾಲ್ಕು!
'ತಪ್ಪಿದ ಬಸ್ಸಿಗೂ ಸೇರಿಸಿ ಟಿಕೆಟ್ ತಗೊಳ್ತೀಯಾ?' ಅಂದೆ.
ನಕ್ಕ.
ಎರಡು ಡಬ್ಬಿಗೆ ಮರಳಿದವು.

ಈಗ ಒಬ್ಬಳು ಹುಡುಗಿ ಚಿಲ್ಲರೆ ಎಣಿಸಿಟ್ಟು
ಹೊಸ್ತಿಲಲ್ಲೇ ರೊಟ್ಟಿಯ ಮೂತಿ ಮುರಿದು ಬಾಯಿಗಿಟ್ಟಳು.
ಅವನು ಗಡಿಯಾರ ನೋಡಿದ.
ನನ್ನ ಕೈಯ ಚೂರನ್ನು
ನಾನೂ ಕೆಳಗಿಟ್ಟೆ.