ಹಿತ್ತಾಳೆಯ ಮೊಳೆ

ಮೊದಮೊದಲು ಅವನಿಗೆ ಗಜಕೋಲೂ ಇರಲಿಲ್ಲವಂತೆ.
ಹೇಸರಗತ್ತೆಯ ಬೆನ್ನಿಂದ ಥಾನು ಇಳಿಸಿ
ಮೂಗಿನ ತುದಿಯಿಂದ ಚಾಚಿದ ಬೆರಳಿನವರೆಗೆ ಅಳೆದು
ಒಂದು ಗಜ ಎನ್ನುತ್ತಿದ್ದ ಮೇಯರ್ ಕ್ರೊನಾಕರ್.
ಅರ್ಧ ಜರ್ಮನ್, ಅರ್ಧ ನಮ್ಮ ಸ್ಪ್ಯಾನಿಷ್,
ಬೈಗುಳ ಮಾತ್ರ ಯಾವ ಸೀಮೆಯದೋ.

ಆಮೇಲೆ ಲಾಸ್ ಗಾರ್ಸಾಸ್‌ನಲ್ಲಿ ಮಣ್ಣಿಟ್ಟಿಗೆಯ ಅಂಗಡಿ.
ಪೈನ್ ಹಲಗೆಯ ಉದ್ದ ಮೇಜು, ಅದರಂಚಿಗೆ
ಹಿತ್ತಾಳೆಯ ಎರಡು ಮೊಳೆ, ನಡುವೆ ಒಂದು ಗಜ.
ಸಾಂತಾ ಫೆ ದಾರಿ ಹಿಡಿದು ಎತ್ತಿನ ಗಾಡಿಗಳು ತಂದದ್ದು
ಚೀಟಿಬಟ್ಟೆ, ಮಲ್ಲು, ಗುಂಡಿ, ಸೂಜಿ, ಕಂಬಳಿ,
ಒಮ್ಮೆ, ಯಾರ ತಪ್ಪೋ, ಐದು ಡಜನ್ ಜಾಲರಿ ಕೈಗವಸು.
ಕುರಿತುಪ್ಪಟ ಕತ್ತರಿಸುವವರು ಅದನ್ನೂ ಕೊಂಡು
ಕುಣಿತಕ್ಕೆ ತೊಟ್ಟು ಬಂದರು.

ನಾನು ಪ್ರುದೆನ್ಸಿಯೊ, ಹದಿನಾಲ್ಕರ ಹುಡುಗ, ಕತ್ತರಿ ನನ್ನ ಕೈಲಿ.
ಉದ್ರಿ ಬರೆಯುತ್ತಿದ್ದವಳು ಅವನ ಹೆಂಡತಿ ಯೆಟ್ಟಾ.
ಉಣ್ಣೆ ಬಂದಾಗ ತೀರಿಸುತ್ತೇವೆ ಎಂದವರ ಹೆಸರಿನ ಮುಂದೆ
ಒಂದು ಪುಟ್ಟ ಕುರಿ ಬರೆಯುತ್ತಿದ್ದಳು.

ಗಂಟಲಮಾರಿಯ ಆ ಚಳಿಗಾಲ
ಬಿಳಿ ಮಲ್ಲು ಬಿಟ್ಟರೆ ಬೇರೇನೂ ಹೋಗಲಿಲ್ಲ.
ಎಸ್ಕೊಲಾಸ್ಟಿಕಾ ಬಂದು ಒಂದೂವರೆ ಗಜ ಒಯ್ದಳು.
ಸಂಜೆ ಮತ್ತೆ ಬಂದಳು.
ಕಾಲು ಮುಚ್ಚುತ್ತಿಲ್ಲ ಎಂದಳು.
ಅಷ್ಟೇ. ಮುಷ್ಟಿಯಲ್ಲಿ ದುಡ್ಡಿತ್ತು.
ಆ ರಾತ್ರಿ ಕೊಟ್ಟಿಗೆಯಲ್ಲಿ ಮಲಗಿದ್ದ ನನಗೆ
ಅಂಗಡಿಯೊಳಗಿಂದ ಸುತ್ತಿಗೆಯ ಎರಡು ಏಟು ಕೇಳಿಸಿತು.
ಬಾಗಿಲು ಸಡಿಲಿರಬೇಕು ಅಂದುಕೊಂಡೆ.

ಅಲ್ಲಿಂದ ಅಂಗಡಿಗೆ ಬರಕತ್ತಿಲ್ಲ.
ನಲವತ್ತು ಗಜದ ಥಾನು
ಅಳೆದರೆ ಮೂವತ್ತೊಂಬತ್ತೂ ತುಂಬದು.
ಮೇಯರ್ ಇಲಿಗೆ ಬೈದ, ಗಿರಣಿಗೆ ಬೈದ, ಕಾಗದ ಬರೆದ,
ಕೊನೆಗೆ ನನ್ನ ಮುಖ ನೋಡಿ
ತಿಂಗಳಿಗೊಂದು ಡಾಲರ್ ಮುರಿದ.
ಯೆಟ್ಟಾ ತಲೆಯೆತ್ತದೆ ಬರೆದುಕೊಂಡಳು.

ಇಪ್ಪತ್ತೆಂಟು ವರ್ಷ.
ರೈಲು ಬಂತು, ನಮ್ಮೂರಿಗಲ್ಲ, ಹನ್ನೆರಡು ಮೈಲಿ ಆಚೆಗೆ.
ಶಿಕಾಗೋದ ಚಿತ್ರದ ಪಟ್ಟಿ ಬಂತು.
ಗಿರಾಕಿಗಳು ನಮ್ಮ ಮೇಜಿಗೇ ಒರಗಿ ಅದರ ಹಾಳೆ ತಿರುವಿದರು.
ಅವನು ಹೋದ. ಮರುವರ್ಷ ಅವಳೂ.
ಹರಾಜಿನಲ್ಲಿ ಮೇಜು ನನಗೆ ಎರಡು ಡಾಲರಿಗೆ ಸಿಕ್ಕಿತು.

ಮನೆಗೆ ತಂದು ಸುಮ್ಮನೆ ಬಡಗಿಯ ಪಟ್ಟಿ ಹಿಡಿದೆ.
ಮೂವತ್ತಾರಲ್ಲ, ಮೂವತ್ತೇಳು ಇಂಚು.
ಬಲಮೊಳೆಯ ಪಕ್ಕ ಮೇಣ ತುಂಬಿದ ಹಳೆಯ ತೂತು,
ಮೇಣದ ಮೇಲೆ ಹೆಬ್ಬೆರಳ ಗುರುತು,
ನನ್ನದಕ್ಕಿಂತ ಚಿಕ್ಕದು.

ತುಂಬ ಹೊತ್ತು ಕೋಪವಿತ್ತು, ಸುಳ್ಳು ಹೇಳಲಾರೆ.
ಸೀಮೆಸುಣ್ಣದಲ್ಲಿ ಹಲಗೆಯ ಮೇಲೇ ಕೂಡಿಸಿದೆ:
ಮುನ್ನೂರ ಮೂವತ್ತಾರು ಡಾಲರ್.
ಅದರ ಮುಂದೆ, ಯಾಕೋ, ಒಂದು ಕುರಿ ಬರೆದೆ.

ಈಗ ಮಗಳು ಅಲ್ಲೇ ರೊಟ್ಟಿಯ ಹಿಟ್ಟು ನಾದುತ್ತಾಳೆ.
ಮೊಳೆ ಕೈಗೆ ತರಚುತ್ತದೆ, ಕಿತ್ತುಹಾಕು ಅಂತಾಳೆ.
ನಾಳೆ ಅಂತೀನಿ.